ಡಬ್ಬಿಯಿಂದ ಊಟಕ್ಕೆ ಏನು ಇಳಿಯುತ್ತದೆ? ಅಡುಗೆಮನೆ ಡಬ್ಬಿಗಳ ಬಗ್ಗೆ ನನ್ನ ಟಿಪ್ಪಣಿ

ಆಹಾರ ಪ್ಯಾಕೇಜಿಂಗ್ ಪಾಠದಲ್ಲಿ ನನಗೆ ಬೇಗ ತಲೆಗೆ ಹತ್ತದ ಪದ ಅಂದರೆ 'ಮೈಗ್ರೇಷನ್'. ಡಬ್ಬಿಯಲ್ಲಿರುವ ರಾಸಾಯನಿಕ ಊಟಕ್ಕೆ ಇಳಿಯುವುದು, ಅಷ್ಟೇ ಅದರ ಅರ್ಥ. ಆದರೆ ಇದು ನಿಜಕ್ಕೂ ಅರ್ಥವಾಗಿದ್ದು ನಮ್ಮ ಮನೆಯ ಸಾಂಬಾರ್ ಡಬ್ಬಿ ನೋಡಿದ ಮೇಲೆ. ಬಿಳಿ ಪ್ಲಾಸ್ಟಿಕ್ ಡಬ್ಬಿ. ರಾತ್ರಿ ಉಳಿದ ಸಾಂಬಾರ್ ಫ್ರಿಜ್‌ಗೆ ಹೋಗುವುದು ಅದರಲ್ಲೇ. ಸಾಂಬಾರ್ ಎಲ್ಲಿಯವರೆಗೆ ತುಂಬುತ್ತಿತ್ತೋ ಅಲ್ಲಿಯವರೆಗೆ ಹಳದಿ, ಅದರ ಮೇಲೆ ಬಿಳಿ, ನಡುವೆ ಗೆರೆ ಎಳೆದ ಹಾಗೆ. ಸೋಪು, ನಿಂಬೆ ಸಿಪ್ಪೆ, ಬಿಸಿ ನೀರು ಎಲ್ಲಾ ಆಯಿತು, ಆ ಹಳದಿ ಹೋಗಲಿಲ್ಲ. ಖಾಲಿ ಡಬ್ಬಿಯ ಮುಚ್ಚಳ ತೆಗೆದರೂ ಇಂಗಿನ ವಾಸನೆ.

ಅರಿಶಿನದ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ. ಒಗ್ಗರಣೆ ಎಣ್ಣೆಯ ಜೊತೆ ಅದು ಪ್ಲಾಸ್ಟಿಕ್ ಒಳಗೇ ಹೋಗಿ ಕೂತಿದೆ. ಒಳಗೆ ಹೋಗಲು ದಾರಿ ಇದೆ ಅಂದಮೇಲೆ, ಪ್ಲಾಸ್ಟಿಕ್ ತಯಾರಿಸುವಾಗ ಬೆರೆಸಿದ ಸಣ್ಣ ಅಣುಗಳಿಗೆ ಹೊರಗೆ ಬರುವ ದಾರಿಯೂ ಇರುತ್ತದೆ, ಅಲ್ವಾ? ಗಾಜಿನ ಬಾಟಲಿಗೆ ಹೀಗೆ ಕಲೆ ಹಿಡಿಯುವುದಿಲ್ಲ. ವ್ಯತ್ಯಾಸ ಇರುವುದೇ ಅಲ್ಲಿ.

ಹಾಗಾಗಿ 'ಯಾವ ಡಬ್ಬಿ ಒಳ್ಳೆಯದು' ಅಂತ ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಒಳಗೆ ಹಾಕುವ ಪದಾರ್ಥ ಎಷ್ಟು ಬಿಸಿ ಇದೆ, ಜಿಡ್ಡು ಇದೆಯಾ, ಹುಳಿ ಅಥವಾ ಉಪ್ಪು ಇದೆಯಾ, ಎಷ್ಟು ದಿನ ಇರುತ್ತದೆ, ಇವಿಷ್ಟನ್ನು ಮೊದಲು ನೋಡಬೇಕು. ರಾಗಿ ಹಿಟ್ಟು ಒಣಗಿರುತ್ತದೆ, ತಣ್ಣಗಿರುತ್ತದೆ. ಒಳ್ಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಇಳಿಯುವುದು ತೀರಾ ಕಡಿಮೆ. ಮಾವಿನಕಾಯಿ ಉಪ್ಪಿನಕಾಯಿಯಲ್ಲಿ ಎಣ್ಣೆ, ಹುಳಿ, ಉಪ್ಪು ಮೂರೂ ಇವೆ, ಮೇಲೆ ವರ್ಷಗಟ್ಟಲೆ ಇಡುತ್ತೇವೆ. ಹೋಟೆಲಿನಿಂದ ತೆಳು ಕವರಿನಲ್ಲಿ ಕಟ್ಟಿಸಿಕೊಂಡು ಬರುವ ಸಾಂಬಾರ್ ಅದರಲ್ಲಿ ಇರುವುದು ಅರ್ಧ ಗಂಟೆ ಇರಬಹುದು, ಆದರೆ ಹೊಗೆಯಾಡುತ್ತಾ ಒಳಗೆ ಬೀಳುತ್ತದೆ, ಜಿಡ್ಡೂ ಇದೆ. ನಮ್ಮ ರಾಜ್ಯದಲ್ಲೇ 2025ರ ಫೆಬ್ರವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸುವ ವಿಷಯ ದೊಡ್ಡ ಸುದ್ದಿಯಾಯಿತು, ಆರೋಗ್ಯ ಇಲಾಖೆ ಅದನ್ನು ನಿಷೇಧಿಸುವುದಾಗಿ ಹೇಳಿತು. ಕಾರಣ ಇದೇ ಬಿಸಿ.

ಪರೀಕ್ಷೆಗೆ ಬೇಕಾದ ಒಂದು ಅಂಕಿ ಇಲ್ಲೇ ಬರೆದುಬಿಡುತ್ತೇನೆ. ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮದ ಪ್ರಕಾರ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಒಟ್ಟು ಪ್ರಮಾಣ ಆಹಾರದ ಕೆ.ಜಿ.ಗೆ 60 ಮಿಲಿಗ್ರಾಂ, ಅಥವಾ ಪ್ಲಾಸ್ಟಿಕ್‌ನ ಒಂದು ಚದರ ಡೆಸಿಮೀಟರ್ (10 ಸೆಂ.ಮೀ. ಉದ್ದಗಲದ ಚೌಕ) ಮೇಲ್ಮೈಗೆ 10 ಮಿಲಿಗ್ರಾಂ ಮೀರಬಾರದು. ಅಂದರೆ ನಿಯಮ ಕೂಡ 'ಏನೂ ಇಳಿಯುವುದಿಲ್ಲ' ಅನ್ನುವುದಿಲ್ಲ, ಮಿತಿ ಹಾಕುತ್ತದೆ. ಬೋಂಡಾ, ಬಜ್ಜಿಯನ್ನು ಶಾಯಿ ತಾಗುವ ನ್ಯೂಸ್‌ಪೇಪರಿನಲ್ಲಿ ಕಟ್ಟಬಾರದು ಅನ್ನುವುದೂ ಇದೇ ನಿಯಮದಲ್ಲಿ ಬರುತ್ತದೆ. ಮನೆಯಲ್ಲಿ ಹಪ್ಪಳದ ಎಣ್ಣೆ ಹೀರಲಿ ಅಂತ ಪೇಪರ್ ಹಾಸುತ್ತೇವಲ್ಲ, ಆ ಶಾಯಿಯೂ ಅದೇ ಶಾಯಿ.

ಇನ್ನು ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಇರುವ ಅಂಕಿಗಳು. ಇದರಲ್ಲಿ ಜಾಸ್ತಿ ಜನ ಎಡವುತ್ತಾರೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಇದನ್ನು ತಂದಿದ್ದು ಕಸದಲ್ಲಿ ಪ್ಲಾಸ್ಟಿಕ್ ಬೇರ್ಪಡಿಸಲು. ಅದು ಪ್ಲಾಸ್ಟಿಕ್‌ನ ಜಾತಿ ಹೇಳುತ್ತದೆ, ಸುರಕ್ಷತೆಯ ಅಂಕ ಕೊಡುವುದಿಲ್ಲ. ಆದರೂ ಜಾತಿ ಗೊತ್ತಾದರೆ ನಮಗೆ ಉಪಯೋಗ ಇದೆ. 1 ಅಂದರೆ ಪಿಇಟಿ, ನೀರಿನ ಬಾಟಲಿ. ಸುಮಾರು 70 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, ಬಿಸಿ ನೀರು ಹಾಕಿದರೆ ಬಾಟಲಿ ಮುದುಡುವುದು ಅದಕ್ಕೇ. 2 ಮತ್ತು 4 ಪಾಲಿಎಥಿಲೀನ್. 5 ಪಾಲಿಪ್ರೊಪಿಲೀನ್, ಪ್ಲಾಸ್ಟಿಕ್‌ಗಳ ಪೈಕಿ ಬಿಸಿಗೆ ಸ್ವಲ್ಪ ತಡೆಯುವಂಥದ್ದು. 3 ಪಿವಿಸಿ, ಅದನ್ನು ಮೆದು ಮಾಡಲು ಹೆಚ್ಚಾಗಿ ಥ್ಯಾಲೇಟ್ ಅನ್ನುವ ರಾಸಾಯನಿಕ ಬೆರೆಸುತ್ತಾರೆ. 6 ಪಾಲಿಸ್ಟೈರೀನ್, ಥರ್ಮೋಕೋಲ್ ತಟ್ಟೆ ಲೋಟದ ಜಾತಿ. ಊಟಕ್ಕೆ ಈ 3 ಮತ್ತು 6 ಬೇಡ ಅಂತ ನಾನು ಇಟ್ಟುಕೊಂಡಿದ್ದೇನೆ. 7 ಅಂದರೆ 'ಇತರೆ', ಅದರಲ್ಲಿ ಪಾಲಿಕಾರ್ಬೊನೇಟ್ ಕೂಡ ಸೇರುತ್ತದೆ. ಮನೆಗೆ ಬರುವ 20 ಲೀಟರ್ ನೀರಿನ ಕ್ಯಾನಿನ ತಳ ಒಮ್ಮೆ ನೋಡಿ, ಹಲವು ಕ್ಯಾನ್‌ಗಳ ಮೇಲೆ ಇದೇ 7 ಇರುತ್ತದೆ.

ಪಾಲಿಕಾರ್ಬೊನೇಟ್ ಮಾಡುವುದು ಬಿಪಿಎ, ಅಂದರೆ ಬಿಸ್ಫಿನಾಲ್ ಎ ಬಳಸಿ. ಅದು ದೇಹದಲ್ಲಿ ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸಬಲ್ಲದು. ಯುರೋಪಿನಲ್ಲಿ 2011ರಲ್ಲಿ ಮಗುವಿನ ಹಾಲಿನ ಬಾಟಲಿಗೆ ಅದನ್ನು ನಿಷೇಧಿಸಿದರು. 2023ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ ದಿನಕ್ಕೆ ದೇಹ ತಡೆಯಬಲ್ಲ ಮಿತಿಯನ್ನು ಹಿಂದಿನದಕ್ಕಿಂತ 20,000 ಪಟ್ಟು ಕೆಳಗಿಳಿಸಿತು. ಸೊನ್ನೆ ಜಾಸ್ತಿ ಬರೆದಿಲ್ಲ, ಅಷ್ಟೇ ಪಟ್ಟು. 2024ರ ಡಿಸೆಂಬರ್‌ನಲ್ಲಿ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಿಪಿಎ ನಿಷೇಧಿಸುವ ನಿಯಮವೇ ಬಂತು. ಡಬ್ಬಿಯ ಮೇಲೆ 'ಬಿಪಿಎ ಫ್ರೀ' ಅಂತ ಬರೆದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಅದರ ಜಾಗದಲ್ಲಿ ಬಿಪಿಎಸ್ ಅನ್ನುವ ಹತ್ತಿರದ ನೆಂಟನನ್ನು ಹಾಕಿರಬಹುದು. ನೀರಿನ ಕ್ಯಾನನ್ನು ಬಿಸಿಲಿನಲ್ಲಿ ಇಡಬೇಡಿ, ಬಂದ ಕೂಡಲೇ ಸ್ಟೀಲ್ ಅಥವಾ ಮಣ್ಣಿನ ಹೂಜಿಗೆ ಬಗ್ಗಿಸಿಕೊಳ್ಳಿ.

ಸ್ಟೀಲ್ ಅಂದರೆ ಎಲ್ಲಕ್ಕೂ ಸರಿ ಅಂದುಕೊಂಡಿದ್ದೆ. ಅಮ್ಮ ಒಂದು ವರ್ಷ ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದರು. ಖಾಲಿಯಾದ ಮೇಲೆ ತೊಳೆದು ಕಿಟಕಿ ಬೆಳಕಿಗೆ ಹಿಡಿದರೆ ತಳದಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ಸಣ್ಣ ಗುಳಿಗಳು, ಒಂದೊಂದರ ಸುತ್ತ ಕಂದು ಬಣ್ಣ. ಬೆರಳಾಡಿಸಿದರೆ ತರಿತರಿ. "ಅದಕ್ಕೇ ನಮ್ಮತ್ತೆ ಉಪ್ಪಿನಕಾಯಿಗೆ ಜಾಡಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ ಕಣೇ" ಅಂದರು ಅಮ್ಮ. ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೇಲಿರುವ ತೆಳುವಾದ ಕ್ರೋಮಿಯಂ ಆಕ್ಸೈಡ್ ಪೊರೆಯಿಂದ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಒಡೆಯುತ್ತದೆ. ಹಾಗಾಗಿ ಉಪ್ಪು, ಉಪ್ಪಿನಕಾಯಿ ಗಾಜಿನಲ್ಲಿ ಅಥವಾ ಪಿಂಗಾಣಿ ಜಾಡಿಯಲ್ಲಿ. ಬೇಳೆ, ಹಿಟ್ಟು, ತಿಂಡಿ, ಆ ದಿನದ ಸಾರಿಗೆಲ್ಲ ಸ್ಟೀಲ್ ಚೆನ್ನಾಗಿಯೇ ಆಗುತ್ತದೆ. ಕೊಳ್ಳುವಾಗ 304 ದರ್ಜೆಯ ಸ್ಟೀಲ್ ಕೇಳಿ, ಅದರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು 'ಅಂಟಲಿಲ್ಲ ನೋಡಿ, ಒರಿಜಿನಲ್' ಅನ್ನುತ್ತಾರೆ. ನಿಕಲ್ ಕಡಿಮೆ ಇರುವ 202 ದರ್ಜೆಯ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ, ಅದರಿಂದ ಇದೊಂದೇ ಪರೀಕ್ಷೆ ಸಾಲದು.

ಜಾಡಿ ಬಗ್ಗೆಯೂ ಒಂದು ಎಚ್ಚರ. ಅಗ್ಗದ, ಒಳಮೈಗೂ ಗಾಢ ಬಣ್ಣ ಬಳಿದ ಜಾಡಿಯ ಗ್ಲೇಜಿನಲ್ಲಿ (ಹೊಳಪಿನ ಲೇಪದಲ್ಲಿ) ಸೀಸ ಇರಬಹುದು, ಹುಳಿ ಅದನ್ನು ಎಳೆಯುತ್ತದೆ. ಆಹಾರಕ್ಕೆ ಅಂತಲೇ ಮಾಡಿದ, ಒಳಮೈ ಬಿರುಕಿಲ್ಲದ ಜಾಡಿ ತೆಗೆದುಕೊಳ್ಳಿ. ಅಲಂಕಾರದ್ದು ಶೋಕೇಸಿನಲ್ಲೇ ಇರಲಿ.

ಹಿತ್ತಾಳೆ, ತಾಮ್ರದ್ದು ಹಳೇ ವಿಷಯ, ಮೊಸರು, ಹುಣಸೆಹುಳಿ ತಾಗಿದರೆ ಕಿಲುಬು. ಕಲಾಯಿ ಇದ್ದರೆ ತವರದ ಪದರ ತಡೆಯುತ್ತದೆ, ಅದು ಸವೆದಲ್ಲಿ ತಡೆಯುವುದಿಲ್ಲ. ತಾಮ್ರದ ಬಾಟಲಿಗೆ ಬರೀ ನೀರು, ನಿಂಬೆ ಪಾನಕ, ಮಜ್ಜಿಗೆ ಬೇಡ. ಅಲ್ಯೂಮಿನಿಯಂ ಕೂಡ ಹುಳಿ ಉಪ್ಪಿಗೆ ಕರಗುತ್ತದೆ. ಪುಳಿಯೋಗರೆಯನ್ನು ಫಾಯಿಲಿನಲ್ಲಿ ರಾತ್ರಿಯೆಲ್ಲಾ ಇಟ್ಟು ಬೆಳಿಗ್ಗೆ ಬಿಡಿಸಿದರೆ ತೂತು ಕಾಣಬಹುದು. ಮೆಲಮೈನ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನ ಬಟ್ಟಲಿಗೆ ಕುದಿಯುವ ರಸಂ ಹಾಕಬೇಡಿ, ಮೈಕ್ರೋವೇವ್‌ಗಂತೂ ಇಡಲೇಬೇಡಿ.

ಮೈಕ್ರೋವೇವ್ ಅಂದೆನಲ್ಲ, ಡಬ್ಬಿಯ ಮೇಲೆ 'ಮೈಕ್ರೋವೇವ್ ಸೇಫ್' ಅಂತ ಇದ್ದರೂ ನಾನು ಊಟವನ್ನು ಗಾಜಿನ ಬಟ್ಟಲಿಗೆ ಬಗ್ಗಿಸಿಯೇ ಬಿಸಿ ಮಾಡುತ್ತೇನೆ. ಬಿಸಿ ತಡೆಯಲೆಂದೇ ಮಾಡಿದ ಬೊರೊಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವುದು ಸಾಮಾನ್ಯ ಗಾಜಿನ ಮೂರನೇ ಒಂದು ಭಾಗದಷ್ಟು, ಅದಕ್ಕೇ ಅಷ್ಟು ಸುಲಭವಾಗಿ ಸಿಡಿಯುವುದಿಲ್ಲ. ಜಾಮ್ ಬಾಟಲಿ ಸಾಮಾನ್ಯ ಗಾಜು, ಅದಕ್ಕೆ ಕುದಿಯುವುದನ್ನು ಸುರಿಯಬೇಡಿ.

ಇಷ್ಟು ಓದಿ ಮನೆಯ ಪ್ಲಾಸ್ಟಿಕ್ ಎಲ್ಲಾ ಒಂದೇ ದಿನ ಎಸೆಯಬೇಕಾಗಿಲ್ಲ, ದುಡ್ಡೂ ಬೇಕಲ್ಲ. ನಮ್ಮ ಮನೆಯಲ್ಲಿ ಮೊದಲು ಬದಲಾಗಿದ್ದು ಉಪ್ಪಿನಕಾಯಿ ಡಬ್ಬಿ, ಆಮೇಲೆ ಸಾಂಬಾರ್ ಡಬ್ಬಿ, ಆಮೇಲೆ ತುಪ್ಪ, ಎಣ್ಣೆಯದ್ದು. ಗೀರು ಬಿದ್ದ, ಅಂಟಂಟಾದ ಡಬ್ಬಿಗಳು ಅಡುಗೆಮನೆಯಿಂದ ಹೊರಬಿದ್ದವು. ಸ್ವೀಟ್ ಬಾಕ್ಸು, ಐಸ್‌ಕ್ರೀಮ್ ಡಬ್ಬಿ ಈಗ ಗುಂಡಿ ದಾರಕ್ಕೆ. ಪೇಂಟ್ ಬಕೆಟ್ ಎಷ್ಟು ತೊಳೆದರೂ ಅಕ್ಕಿಗೆ ಬೇಡ. 5 ಅಂತ ಇರುವ ಗಟ್ಟಿ ಡಬ್ಬಿಗಳಲ್ಲಿ ರಾಗಿ, ಅವಲಕ್ಕಿ, ಕಡಲೆಬೇಳೆ ಇನ್ನೂ ಹಾಗೇ ಇವೆ. ಆ ಹಳದಿ ಸಾಂಬಾರ್ ಡಬ್ಬಿಯಲ್ಲಿ ಈಗ ಬಟ್ಟೆ ಒಣಗಿಸುವ ಕ್ಲಿಪ್ಪುಗಳಿವೆ.