ನದಿ ರೀವದ ಗೂಡು, ಹಿನ್ನೀರಿನ ಮಟ್ಟ

ಕೊಡಗಿಗೆ ಕಡಲಿಲ್ಲ. ಆದರೆ ಕಡಲ ರೀವಗಳ ದಾಯಾದಿಯೊಂದು ಸಿಹಿನೀರನ್ನೇ ನಂಬಿಕೊಂಡು ಕಾವೇರಿ ಸೀಮೆಯಲ್ಲಿ ಬಾಳುತ್ತಿದೆ: ನದಿ ರೀವ (ರಿವರ್ ಟರ್ನ್). ಹಳದಿ ಕೊಕ್ಕು, ಕೆಂಪು ಕಾಲು, ಕವಲು ಬಾಲ, ಮರಿ ಮಾಡುವ ಕಾಲಕ್ಕೆ ನೆತ್ತಿಯ ಮೇಲೆ ಕಪ್ಪು ಟೋಪಿ. ಅಳಿವಿನ ಭೀತಿಯಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಾದ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ಈಗ ‘ವಲ್ನರಬಲ್’, ಅಂದರೆ ಅಪಾಯಕ್ಕೆ ಈಡಾಗಬಲ್ಲ ಹಕ್ಕಿ. ಇದಕ್ಕೆ ಗೂಡೆಂದರೆ ಕಡ್ಡಿಯೂ ಇಲ್ಲ, ಹುಲ್ಲೂ ಇಲ್ಲ. ಬೋಳು ನೆಲದಲ್ಲಿ ಎದೆಯೊತ್ತಿ ಮಾಡಿದ ಅಂಗೈಯಗಲದ ಗುಳಿ, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಬೂದು ಮೈಗೆ ಕಂದು ಮಚ್ಚೆ. ಎರಡು ಹೆಜ್ಜೆ ದೂರದಿಂದ ನೋಡಿದರೆ ಕಲ್ಲೇ.

ಅಣೆಕಟ್ಟುಗಳಿಗೆ ಮೊದಲು ಮಳೆಗಾಲದ ಹೊಳೆಯೇ ಈ ನೆಲವನ್ನು ಹದ ಮಾಡಿಕೊಡುತ್ತಿತ್ತು. ಪ್ರವಾಹ ಗಿಡಗಂಟಿ ಕಿತ್ತೊಯ್ದು ಹೊಸ ಮರಳು ಹರಡುತ್ತಿತ್ತು, ಬೇಸಿಗೆಗೆ ದಿಬ್ಬ ಮೇಲೇಳುತ್ತಿತ್ತು. 1930ರ ದಶಕದ ಆರಂಭದಲ್ಲಿ ಕೆಆರ್‌ಎಸ್, 1980ರ ದಶಕದಲ್ಲಿ ಕೊಡಗಿನ ಹಾರಂಗಿ ಅಣೆಕಟ್ಟು ನೀರು ಹಿಡಿದವು. ದಿಬ್ಬಗಳು ಕೆಲವೆಡೆ ಮುಳುಗಿದವು, ಕೆಲವೆಡೆ ಮರಳಿನ ಲಾರಿ ಹತ್ತಿದವು. ಬದಲಿಗೆ ಸಿಕ್ಕಿದ್ದು, ಹಿನ್ನೀರು ಇಳಿದಾಗ ತಲೆಯೆತ್ತುವ ಗುಡ್ಡದ ನೆತ್ತಿಗಳು. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ರೀವಗಳು ಗುಂಪುಗುಂಪಾಗಿ ನೆರೆಯುವುದು ಇದರಿಂದಲೇ.

ತೊಂದರೆ ಇರುವುದೂ ಅಲ್ಲೇ. ಮೇ ತಿಂಗಳ ಮಳೆಗೆ ಒಳಹರಿವು ಏರಿದರೆ ತಗ್ಗಿನ ಗೂಡುಗಳು ಒಂದೇ ರಾತ್ರಿಯಲ್ಲಿ ಮುಳುಗುತ್ತವೆ. ನೀರು ಕಾಲುವೆಗೆ ಹರಿದು ಮಟ್ಟ ತೀರಾ ಇಳಿದರೆ ಇನ್ನೂ ಕೇಡು: ನಡುಗಡ್ಡೆ ದಡಕ್ಕೆ ಅಂಟಿಕೊಂಡು ನಾಯಿ, ದನ, ಮೀನು ಹಿಡಿಯುವವರು, ಫೋಟೊ ತೆಗೆಯುವವರು ಎಲ್ಲರಿಗೂ ದಾರಿಯಾಗುತ್ತದೆ. ಮುಳುಗಿದ್ದು ಕಣ್ಣಿಗೆ ಬೀಳುತ್ತದೆ, ತುಳಿದದ್ದು ಬೀಳುವುದಿಲ್ಲ. ಹಾಗಾಗಿ ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನ ನಡುಗಡ್ಡೆಗಳ ಕಥೆಯೂ ನೀರಿನದೇ. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಗೆ ಕೊಡಗಿನಲ್ಲಿ ಹೊಳೆ ತುಂಬಿ ಕೆಆರ್‌ಎಸ್ ಗೇಟು ತೆರೆದರೆ ಅಲ್ಲಿನ ಬಂಡೆ, ಪೊದೆಗಳು ನೀರಿನಡಿಗೆ ಹೋಗುತ್ತವೆ. 2018 ಮತ್ತು 2019ರ ಆಗಸ್ಟಿನಲ್ಲಿ ಆದದ್ದು ಅದೇ.

ನಮ್ಮಲ್ಲಿ ನೀರ್ಹಕ್ಕಿ ಎಣಿಕೆಯ ಅಭ್ಯಾಸ ಇಲ್ಲವೆಂದಲ್ಲ. ಏಷ್ಯಾ ನೀರ್ಹಕ್ಕಿ ಗಣತಿ 1987ರಿಂದ ಜನವರಿಯಲ್ಲಿ ನಡೆಯುತ್ತಿದೆ. ಅದು ಎಷ್ಟು ಹಕ್ಕಿ ಇವೆ ಎಂದು ಹೇಳುತ್ತದೆ. ಎಷ್ಟು ಮರಿ ಹಾರಿದವು ಎಂದು ಹೇಳದು. ರೀವದ ಗೂಡಿನ ಭರಾಟೆ ಮಾರ್ಚ್, ಏಪ್ರಿಲ್‌ನಲ್ಲಿ. ಬೆಳೆದ ಹಕ್ಕಿಗಳು ಬಹಳ ವರ್ಷ ಬದುಕುವುದರಿಂದ, ಒಂದು ಮರಿಯೂ ಉಳಿಯದ ವರ್ಷಗಳ ಬಳಿಕವೂ ಜನವರಿಯ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಹಾನಿ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಗೂಡಿನ ಎಣಿಕೆಗೆ ಮೊದಲು ಅರಣ್ಯ ಇಲಾಖೆಯ ಮತ್ತು ಜಲಾಶಯ ನೋಡಿಕೊಳ್ಳುವವರ ಅನುಮತಿ ಬೇಕು. ವಾರಕ್ಕೊಮ್ಮೆ, ಬೆಳಗ್ಗೆ ಒಂಬತ್ತರೊಳಗೆ, ಆದಷ್ಟೂ ದಡದಿಂದಲೋ ದೋಣಿಯಿಂದಲೋ ದುರ್ಬೀನಿನಲ್ಲಿ ನೋಡಬೇಕು. ಹಾರುವ ಹಕ್ಕಿಯನ್ನಲ್ಲ, ಕಾವಿಗೆ ಕೂತದ್ದನ್ನು ಎಣಿಸಬೇಕು. ಇಬ್ಬರು ಬೇರೆಬೇರೆಯಾಗಿ ಎಣಿಸಿ ಆಮೇಲೆ ತಾಳೆ ನೋಡಿದರೆ ಒಳ್ಳೆಯದು. ನಡುಗಡ್ಡೆಗೆ ಇಳಿಯಲೇಬೇಕಾದರೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು. ನಡು ಮಧ್ಯಾಹ್ನ ತಾಯಿಹಕ್ಕಿ ಎದ್ದರೆ ಕಾದ ನೆಲದ ಮೇಲೆ ಮೊಟ್ಟೆ ಒಳಗೇ ಬೆಂದುಹೋಗುತ್ತದೆ; ಬಿಸಿಲಿಗೆ ಕೂತ ಹಕ್ಕಿ ಕಾವು ಕೊಡುತ್ತಿರುವುದಲ್ಲ, ನೆರಳು ಕೊಡುತ್ತಿರುವುದು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವಾಗಲೂ ಹತ್ತಿರ ಹೋಗಬಾರದು, ಒದ್ದೆಯಾದ ಮರಿ ಬೇಗ ಸೆಡೆತುಕೊಳ್ಳುತ್ತದೆ.

ಗುರುತಿನ ಗೂಟವನ್ನು ಗೂಡಿಗೆ ತಾಗಿಸಿ ನೆಡುವುದು ದೊಡ್ಡ ತಪ್ಪು. ಕಾಗೆ ಬೇಗನೆ ಗೂಟ ನೋಡಿ ಮೊಟ್ಟೆ ಹುಡುಕುವುದನ್ನು ಕಲಿಯುತ್ತದೆ. ಒಂದು ಮೀಟರ್ ಆಚೆ, ದಿಕ್ಕು ಬರೆದುಕೊಂಡು, ನಂಬರ್ ಹಾಕಿದ ಚಪ್ಪಟೆ ಕಲ್ಲು ಸಾಕು. ಮೊಟ್ಟೆ ಕಳೆದುಕೊಂಡ ಜೋಡಿ ಮತ್ತೆ ಇಡುವುದುಂಟು. ವಾರವಾರದ ಹೊಸ ಗೂಡುಗಳನ್ನೆಲ್ಲ ಕೂಡಿದರೆ ಒಂದೇ ಜೋಡಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಜೋಡಿಗಳ ಸಂಖ್ಯೆಗೆ ಆ ಋತುವಿನ ಅತಿ ಹೆಚ್ಚಿನ ಒಂದು ದಿನದ ಎಣಿಕೆಯನ್ನೇ ಹಿಡಿಯಬೇಕು.

ಎಣಿಕೆ ಬರೆದಿಡುವ ನಮೂನೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ನೀರಿನ ಅಂಕಣ. ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ. ಅಂದಂದಿನ ಮಟ್ಟ ಬೆಳಗಿನ ಪತ್ರಿಕೆಯಲ್ಲೇ ಬರುತ್ತದೆ. ಎಣಿಕೆಯ ದಿನದ ಅಂಕಿಯನ್ನು ಗೂಡಿನ ಸಂಖ್ಯೆಯ ಪಕ್ಕ ಬರೆದು, ಅತಿ ತಗ್ಗಿನ ಗೂಡು ನೀರಿನಂಚಿಗಿಂತ ಎಷ್ಟು ಅಡಿ ಮೇಲಿದೆ ಎಂದು ಅಳೆದಿಟ್ಟರೆ, ಮಟ್ಟ ಎಷ್ಟು ಏರಿದರೆ ಯಾವ ಗೂಡು ಹೋಗುತ್ತದೆಂದು ಗೇಟು ನೋಡಿಕೊಳ್ಳುವ ಎಂಜಿನಿಯರಿಗೆ ಮೊದಲೇ ಹೇಳಬಹುದು.