ಮಗುವಿನ ಜ್ವರ ಐದು ದಿನ ದಾಟಿದ್ರೆ

ಮಳೆಗಾಲದಲ್ಲಿ ನಮ್ಮ ಮಂಗಳೂರಲ್ಲಿ ಮಗುವಿಗೆ ಜ್ವರ ಅಂದ್ರೆ ಎಲ್ಲರೂ ಮೊದ್ಲು ಕೇಳೋದೇ ಮಲೇರಿಯಾ ನೋಡಿದ್ರಾ, ಡೆಂಗ್ಯೂ ಟೆಸ್ಟ್ ಆಯ್ತಾ, ಪ್ಲೇಟ್ಲೆಟ್ ಎಷ್ಟುಂಟು ಅಂತ. ನಮ್ಮ ಅಕ್ಕನ ಮಗಳಿಗೆ ಮೂರು ವರ್ಷ ಆಗಿದ್ದಾಗ ಹಾಗೇ ಆಯ್ತು, ಎರಡೂ ನೆಗೆಟಿವ್, ಆಂಟಿಬಯೋಟಿಕ್ ಕೊಟ್ರೂ ಜ್ವರ ಬಿಡ್ಲಿಲ್ಲ, ನಾಲ್ಕನೇ ದಿನ ಎರಡೂ ಕಣ್ಣು ಕೆಂಪು, ಆದ್ರೆ ಪಿಸುರು ಇಲ್ಲ, ತುಟಿ ಒಡೆದು ರಕ್ತ, ನಾಲಿಗೆ ಸ್ಟ್ರಾಬೆರಿ ಹಣ್ಣಿನ ಹಾಗೆ ಕೆಂಪಾಗಿ ಚುಕ್ಕೆ ಚುಕ್ಕೆ, ಮೈಯಲ್ಲಿ ದಡಾರದ ಹಾಗೆ ಕೆಂಪು ದದ್ದು, ಅಂಗೈ ಅಂಗಾಲು ಊದಿತ್ತು. ಆರನೇ ದಿನ ಉಡುಪಿಯ ಒಬ್ರು ಮಕ್ಕಳ ಡಾಕ್ಟ್ರು ನೋಡಿದ ಕೂಡ್ಲೇ "ಇದು ಕವಾಸಾಕಿ ಇರ್ಬಹುದು, ಇವತ್ತೇ ಎಕೋ ಮಾಡುವ" ಅಂದ್ರು. ಅಕ್ಕನಿಗೆ ಜ್ವರಕ್ಕೆ ಹಾರ್ಟಿನ ಸ್ಕ್ಯಾನ್ ಯಾಕೆ ಅಂತ ಅರ್ಥವೇ ಆಗ್ಲಿಲ್ಲ.

ಕವಾಸಾಕಿ ಅನ್ನೋದು ಜಪಾನಿನ ಮಕ್ಕಳ ಡಾಕ್ಟ್ರ ಹೆಸರು. ತೊಮಿಸಾಕು ಕವಾಸಾಕಿ 1961ರಲ್ಲಿ ಟೋಕಿಯೋದಲ್ಲಿ ನಾಲ್ಕು ವರ್ಷದ ಒಂದು ಹುಡುಗನಲ್ಲಿ ಇದನ್ನ ಮೊದಲು ಗಮನಿಸಿದ್ರು, 1967ರಲ್ಲಿ ಅಂಥ 50 ಮಕ್ಕಳ ಬಗ್ಗೆ ಬರೆದ್ರು. ಈ ಕಾಯಿಲೆಯಲ್ಲಿ ರಕ್ತನಾಳಗಳ ಗೋಡೆಗೇ ಉರಿಯೂತ ಆಗ್ತದೆ, ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳಲ್ಲಿ ಅದು ಆದ್ರೆ ಸವೆದ ಸೈಕಲ್ ಟ್ಯೂಬ್ ಒಂದು ಕಡೆ ಉಬ್ಬಿದ ಹಾಗೆ ನಾಳ ಉಬ್ಬಿ ಬಿಡ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಒಂದು ಮಗುವಿಂದ ಇನ್ನೊಂದಕ್ಕೆ ಹರಡುವ ಕಾಯಿಲೆ ಅಲ್ಲ.

ಹೆಚ್ಚಿನ ಕೇಸುಗಳು ಐದು ವರ್ಷದೊಳಗಿನ ಮಕ್ಕಳಲ್ಲೇ. ಅಕ್ಕನ ಮಗಳ ಪ್ರಾಯದಲ್ಲಿ ಹೆಚ್ಚಾಗಿ ಲಕ್ಷಣ ಎಲ್ಲ ಕಾಣ್ತದೆ, ಹಾಗಾಗಿ ಗುರುತು ಹಿಡಿಯೋದು ಅಷ್ಟು ಕಷ್ಟ ಅಲ್ಲ. ನಂಗೆ ನಿಜವಾಗಿ ಹೆದರಿಕೆ ಆಗೋದು ಆರು ತಿಂಗಳೊಳಗಿನ ಶಿಶುಗಳದ್ದು. ಅವುಗಳಲ್ಲಿ ಕೆಲವೊಮ್ಮೆ ಬರೀ ಜ್ವರ ಮತ್ತೆ ಯಾರು ಎತ್ತಿಕೊಂಡ್ರೂ ನಿಲ್ಲದ ಅಳು ಅಷ್ಟೇ, ಕಣ್ಣು ಒಂದು ದಿನ ಕೆಂಪಾಗಿ ಮರುದಿನ ಸರಿ, ಮೂತ್ರದಲ್ಲಿ ಪಸ್ ಸೆಲ್ ಕಂಡು ಯೂರಿನ್ ಇನ್ಫೆಕ್ಷನ್ ಅಂತ ಮದ್ದು ಶುರುವಾಗ್ತದೆ, ಕಲ್ಚರ್‌ನಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆಯೋದಿಲ್ಲ. ಹೊರಗೆ ಕಾಣೋದು ಕಡಿಮೆ, ಆದ್ರೆ ಕೊರೊನರಿ ಉಬ್ಬುವ ಅಪಾಯ ಈ ಪ್ರಾಯದಲ್ಲೇ ಜಾಸ್ತಿ. ಅದಕ್ಕೇ ಇಷ್ಟು ಸಣ್ಣ ಮಗುವಿಗೆ ಕಾರಣ ಗೊತ್ತಾಗದ ಜ್ವರ ಏಳು ದಿನ ಇದ್ರೆ, ಬೇರೆ ಲಕ್ಷಣ ಇಲ್ಲದಿದ್ರೂ, ಕವಾಸಾಕಿ ಇರ್ಬಹುದಾ ಅಂತ ರಕ್ತ ಪರೀಕ್ಷೆ, ಎಕೋ ಮಾಡಿ ನೋಡ್ಬೇಕು. ನಮ್ಮಲ್ಲಿ ಒಂದು ಸುಳಿವು ಉಂಟು, ಹುಟ್ಟಿದಾಗ ಎಡ ತೋಳಿಗೆ ಹಾಕಿದ ಬಿಸಿಜಿ (ಕ್ಷಯದ ಲಸಿಕೆ) ಕಲೆ ಕೆಲವು ಮಕ್ಕಳಲ್ಲಿ ಇದ್ದಕ್ಕಿದ್ದ ಹಾಗೆ ಕೆಂಪಾಗಿ ಊದ್ತದೆ. ಅಂಗಿಯ ತೋಳು ಮೇಲೆ ಮಾಡಿ ನೋಡಿ.

ದೊಡ್ಡ ಮಕ್ಕಳಲ್ಲಿ, ಎಂಟು ಒಂಬತ್ತು ವರ್ಷದವ್ರಲ್ಲಿ, ಕುತ್ತಿಗೆ ಒಂದು ಬದಿ ಗಡ್ಡೆ, ಜ್ವರ, ಗಂಟು ನೋವು, ಹೊಟ್ಟೆನೋವು ಮುಂದೆ ಬರ್ತದೆ. ಗಡ್ಡೆಗೆ ಅಂತ ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್, ಇದು ಸಣ್ಣ ಮಕ್ಕಳ ಕಾಯಿಲೆ ಅಂತ ಯಾರಿಗೂ ನೆನಪಾಗೋದೇ ಇಲ್ಲ, ದಿನ ಹೋಗ್ತದೆ.

ದಿನ ಹೋಗೋದೇ ಇಲ್ಲಿ ದೊಡ್ಡ ನಷ್ಟ. ಮದ್ದು ಉಂಟು, ಐವಿಐಜಿ ಅಂತ, ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಆಂಟಿಬಾಡಿ, ಕಿಲೋಗೆ 2 ಗ್ರಾಂ ಲೆಕ್ಕದಲ್ಲಿ ಹತ್ತು ಹನ್ನೆರಡು ಗಂಟೆ ಡ್ರಿಪ್. ಜ್ವರ ಶುರುವಾಗಿ 10 ದಿನದೊಳಗೆ ಕೊಟ್ರೆ ಕೊರೊನರಿ ಉಬ್ಬೋದು ನೂರರಲ್ಲಿ ಸುಮಾರು 25 ಇದ್ದದ್ದು ನಾಲ್ಕೈದಕ್ಕೆ ಇಳೀತದೆ. ಲಕ್ಷಣ ಎಲ್ಲ ಒಟ್ಟಿಗೇ ಬರೋದಿಲ್ಲ, ಬಂದದ್ದು ಹೋಗ್ತದೆ, ಹಾಗಾಗಿ ಕಣ್ಣು ಕೆಂಪಾದ ದಿನ, ದದ್ದು ಎದ್ದ ದಿನ ಮೊಬೈಲಲ್ಲಿ ಫೋಟೋ ತೆಗೆದಿಡಿ, ಡಾಕ್ಟ್ರಿಗೆ ತೋರಿಸಿ.

ಅಕ್ಕನ ಮಗಳಿಗೆ 24 ಗ್ರಾಂ ಹೋಯ್ತು, ಮರುದಿನ ಜ್ವರ ಬಿಟ್ಟಿತು. ಎರಡನೇ ವಾರದ ರಿಪೋರ್ಟಲ್ಲಿ ಪ್ಲೇಟ್ಲೆಟ್ ಏಳು ಲಕ್ಷ, ಅಮ್ಮ ಖುಷಿಯಲ್ಲಿ ಇನ್ನು ಪಪ್ಪಾಯಿ ಎಲೆ ರಸ ಬೇಡ ಅಲ್ವಾ ಅಂತ ಕೇಳಿದ್ರು. ಡೆಂಗ್ಯೂನಲ್ಲಿ ಇಳಿಯುವ ಪ್ಲೇಟ್ಲೆಟ್ ಇದ್ರಲ್ಲಿ ಏರ್ತದೆ ಅಮ್ಮ, ಏರಿದ್ರೆ ರಕ್ತ ಹೆಪ್ಪುಗಟ್ಟುವ ಭಯ, ಅದಕ್ಕೇ ದಿನಾ ಸಣ್ಣ ಡೋಸಿನ ಆಸ್ಪಿರಿನ್ ಅಂತ ಹೇಳಿದೆ. ಆಮೇಲೆ ಬೆರಳ ತುದಿ ಸಿಪ್ಪೆ ಸುಲಿಯಿತು, ಆರು ವಾರದ ಎಕೋದಲ್ಲಿ ನಾಳಗಳು ಸರಿ ಇದ್ವು, ಆಸ್ಪಿರಿನ್ ನಿಲ್ಲಿಸಿದ್ರು.