ಮೊಳೆಗೆ ನೇತುಹಾಕಿದ ರಬ್ಬರ್ ಸೂಟು

ಕಳೆದ ತಿಂಗಳು ಒಬ್ಬರು ನನ್ನ ರಿಪೇರಿ ಮೇಜಿನ ಮೇಲೆ ಕಪ್ಪು ರಬ್ಬರ್ ಸೂಟೊಂದನ್ನು ತಂದಿಟ್ಟರು. ಹಳೇ ಮಾದರಿಯ ಡೈವಿಂಗ್ ಡ್ರೈಸೂಟ್. ಜಾಕೆಟ್ ಬೇರೆ, ಪ್ಯಾಂಟ್ ಬೇರೆ. ಸೊಂಟದಲ್ಲಿ ಎರಡರ ಅಂಚನ್ನೂ ಜೋಡಿಸಿ ಸುರುಳಿ ಸುತ್ತಿದರೆ ಒಳಗೆ ನೀರು ಬರುವುದಿಲ್ಲ. ಮೂರೇ ಸಲ ಸಮುದ್ರಕ್ಕಿಳಿದಿದ್ದರಂತೆ, ಆದರೂ ಹರಿದಿದೆ. ಕತ್ತಿನ ಹತ್ತಿರ ಸ್ವಲ್ಪ ಎಳೆದೆ, ಸಣ್ಣ ಸಣ್ಣ ಬಿರುಕುಗಳು ಬಾಯಿಬಿಟ್ಟವು. ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ಗ್ಯಾರೇಜಿನ ಕಿಟಕಿ ಪಕ್ಕ, ಗ್ರೈಂಡಿಂಗ್ ಮಷೀನಿನ ಮೇಲೆ, ಮೊಳೆಗೆ ನೇತುಹಾಕಿದ್ದರು.

ನಾನಿರುವುದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ. ಇಲ್ಲಿಗೆ ಬರುವ ಹರಿದ ಸೂಟುಗಳಲ್ಲಿ ಜಾಸ್ತಿ ಪಾಲು ನೀರಿನಲ್ಲಿ ಹಾಳಾದವಲ್ಲ, ಮನೆಯಲ್ಲಿ ಹಾಳಾದವು. ಬಿಸಿಲು ರಬ್ಬರನ್ನು ತಿನ್ನುತ್ತದೆ. ಮೋಟಾರಿನ ಕಿಡಿಯಿಂದ ಹುಟ್ಟುವ ಓಝೋನ್ ಇನ್ನೂ ಕೆಟ್ಟದ್ದು. ಅದು ಎಳೆತದಲ್ಲಿರುವ ಜಾಗವನ್ನೇ ಮೊದಲು ಸೀಳುತ್ತದೆ. ಮೊಳೆಗೆ ತೂಗಿದಾಗ ಕತ್ತು, ಭುಜ ಎಳೆದುಕೊಂಡಿರುತ್ತವೆ ಅಲ್ವಾ, ಬಿರುಕು ಬಂದದ್ದೂ ಅಲ್ಲೇ.

ನಾನು ಬೆಳೆದದ್ದು ಸುಳ್ಯದ ಕಡೆ. ಮರದಿಂದ ಚಿಪ್ಪಿಗೆ ತೊಟ್ಟಿಕ್ಕುವ ಹಾಲು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿದ ಶೀಟು, ಹೊಗೆಗೂಡಿನ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದಾಗ ಆ ರಬ್ಬರಿಗೆ ಗಟ್ಟಿತನ ಬಂತು. ಆದರೂ ಅದು ಗಿಡದಿಂದ ಬಂದ ವಸ್ತುವೇ. ಹಾಗೆಂದುಕೊಂಡೇ ನೋಡಿಕೊಳ್ಳಬೇಕು.

ಸಮುದ್ರದಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಒಳಗೆ ಹೊರಗೆ ಎರಡೂ ನೆರಳಿನಲ್ಲಿ ಒಣಗಲಿ. ವಾಸನೆ ಹಾಕದ ಟಾಲ್ಕ್ ಪುಡಿ ಸವರಿ, ಸಡಿಲವಾಗಿ ಸುತ್ತಿ, ತಂಪಾದ ಕತ್ತಲೆ ಜಾಗದಲ್ಲಿಡಿ. ವ್ಯಾಸಲಿನ್, ಗ್ರೀಸ್, ಕೊಬ್ಬರಿ ಎಣ್ಣೆ ಯಾವುದೂ ತಾಗಬಾರದು. ತಾಮ್ರ, ಹಿತ್ತಾಳೆಯೂ ಬೇಡ. ಅವು ಕಲೆ ಮಾಡುತ್ತವೆ, ರಬ್ಬರನ್ನು ಬೇಗ ಮುದಿಯಾಗಿಸುತ್ತವೆ.

ತೂತು ಹುಡುಕುವುದು ಪಂಕ್ಚರ್ ಅಂಗಡಿಯ ಕೆಲಸದಂತೆಯೇ. ಕೈತೋಳುಗಳಿಗೆ ಬಾಟಲಿ, ಕತ್ತಿಗೆ ಚೆಂಡು ತುರುಕಿ ಮೆಲ್ಲಗೆ ಗಾಳಿ ತುಂಬಿ, ಸೋಪಿನ ನೀರು ಸವರಿದರೆ ಗುಳ್ಳೆ ತಾನೇ ಜಾಗ ತೋರಿಸುತ್ತದೆ. ಒರೆಸಿ, ಸ್ಯಾಂಡ್‌ಪೇಪರಿನಿಂದ ಹಗುರಾಗಿ ಉಜ್ಜಿ, ಸೂಟಿಗೂ ಪ್ಯಾಚಿಗೂ ಎರಡೆರಡು ಸಲ ತೆಳ್ಳಗೆ ಸೊಲ್ಯೂಷನ್ ಹಚ್ಚಬೇಕು. ಸೊಲ್ಯೂಷನ್ ಒದ್ದೆ ಇರುವಾಗಲೇ ಅಂಟಿಸುವುದೇ ಎಲ್ಲರೂ ಮಾಡುವ ತಪ್ಪು. ಪ್ಯಾಚಿನ ಮೂಲೆ ದುಂಡಗಿರಲಿ, ಚೂಪು ಮೂಲೆ ಬೇಗ ಏಳುತ್ತದೆ.

ಇನ್ನು ಮಾರ್ಪಾಡು. ಮಣಿಕಟ್ಟಿನ ಪಟ್ಟಿ ಬಿಗಿಯಾದರೆ ಅದನ್ನು ಬಾಟಲಿಗೆ ಏರಿಸಿ, ಚೂಪಾದ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸುತ್ತೇನೆ. ಅಂಚಿನಲ್ಲಿ ಒಂದು ಸಣ್ಣ ಗಾಯ ಉಳಿದರೂ ಮುಂದಿನ ಸಲ ಹಾಕುವಾಗ ಅಲ್ಲಿಂದಲೇ ಹರಿಯುತ್ತದೆ. ಸೂಟಿಗೇ ಸೇರಿದ ಬಿಗಿ ಟೊಪ್ಪಿಯನ್ನು ತೆಗೆದು ಕತ್ತಿನ ಸೀಲ್, ಅಂದರೆ ನೀರು ನುಗ್ಗದಂತೆ ಕತ್ತನ್ನು ಬಿಗಿಯಾಗಿ ಸುತ್ತುವ ರಬ್ಬರ್ ಪಟ್ಟಿ, ಹಾಕಿಸಿ ಎಂದು ನಾನೇ ಹೇಳುತ್ತೇನೆ. ಆ ಟೊಪ್ಪಿ ಕಿವಿಯ ಮೇಲೆ ಮುಚ್ಚಿಕೊಂಡರೆ ಆಳದಲ್ಲಿ ಕಿವಿತಮಟೆಗೆ ಪೆಟ್ಟಾಗಬಹುದು.

ಗಾಳಿ ತುಂಬುವ ವಾಲ್ವ್ ಕೂರಿಸಿ ಎಂದು ಕೇಳಿದಾಗ ಮಾತ್ರ ನಾನು ತಡೆಯುತ್ತೇನೆ. ಕೇಳುವ ಕಾರಣ ನ್ಯಾಯವಾದದ್ದೇ. 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿ, ಸೂಟಿನೊಳಗಿನ ಗಾಳಿ ಅರ್ಧಕ್ಕಿಳಿಯುತ್ತದೆ. ರಬ್ಬರ್ ಮಡಿಕೆಗಳು ಚರ್ಮವನ್ನು ಚಿವುಟುತ್ತವೆ. ಒಳಗಿನ ಉಣ್ಣೆಬಟ್ಟೆ ಒತ್ತಿಕೊಂಡು ಚಳಿ ಹಿಡಿಯುತ್ತದೆ. ಆದರೆ ತುಂಬಿದ ಗಾಳಿ ಮೇಲೇರುವಾಗ ಮತ್ತೆ ಹಿಗ್ಗುತ್ತದೆ. ಅದನ್ನು ಬೇಗ ಹೊರಬಿಡುವ ವಾಲ್ವ್ ಕೂಡ ಇಲ್ಲದಿದ್ದರೆ ಮನುಷ್ಯ ಬಲೂನಿನಂತೆ ಮೇಲಕ್ಕೆ ಚಿಮ್ಮುತ್ತಾನೆ. ಗಾಳಿ ಕಾಲಿಗೆ ಸೇರಿದರೆ ತಲೆಕೆಳಗು. ತೆಳು ಶೀಟಿನಲ್ಲಿ ಎರಡು ತೂತು ಕೊರೆದು, ಸುತ್ತ ಬಲಪಡಿಸಿ, ಅದನ್ನು ನಂಬಿ ಎಂದು ಹೇಳುವ ಧೈರ್ಯ ನನಗಿಲ್ಲ.

ಈ ಸೂಟುಗಳು ಹುಟ್ಟಿದ್ದೂ ಆಳಕ್ಕಲ್ಲ. 1941ರ ಡಿಸೆಂಬರಿನಲ್ಲಿ, ಎರಡನೇ ಮಹಾಯುದ್ಧದ ನಡುವೆ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿಗೆ ನುಗ್ಗಿದ ಆರು ಇಟಾಲಿಯನ್ ನೌಕಾ ಸೈನಿಕರು ರಬ್ಬರ್ ಸೂಟು ತೊಟ್ಟು, ಟಾರ್ಪಿಡೋ ಮೇಲೆ ಕುದುರೆ ಸವಾರರಂತೆ ಕೂತು ಬಂದಿದ್ದರು. ಅವರು ಉಸಿರಾಡುತ್ತಿದ್ದದ್ದು ಶುದ್ಧ ಆಮ್ಲಜನಕ. ಅದು ಆಳಕ್ಕೆ ಹೋದಷ್ಟೂ ವಿಷ.

ಆ ಗ್ರಾಹಕರಿಗೆ ಕತ್ತಿನ ಸೀಲ್ ಮಾತ್ರ ಬದಲಿಸಿದೆ. ವಾಲ್ವ್ ಬೇಡವೆಂದೆ, 6 ಮೀಟರ್ ದಾಟಬೇಡಿ ಎಂದೆ. ಒಪ್ಪಿದರು. ಅಂಟು ಈಗ ಒಣಗುತ್ತಿದೆ. ನಾಳೆ ಸೋಪಿನ ನೀರಿನ ಪರೀಕ್ಷೆ.